ಸಹ್ಯಾದ್ರಿಯಲ್ಲಿ ಡೇರೆ ಹಾಕಿ ಸಂಗೀತ ಕೇಳುವವರಿಗೆ ಸಮಗ್ರ ಮಾರ್ಗದರ್ಶಿ

ಶನಿವಾರ ಮಧ್ಯಾಹ್ನ ಪುಣೆಯಿಂದಲೋ ಮುಂಬಯಿಯಿಂದಲೋ ಹೊರಟು, ಸಂಜೆಗೆ ಪವನಾ ಜಲಾಶಯದ ದಂಡೆಯಲ್ಲೋ, ರಾಜಮಾಚಿ ಕೋಟೆಯ ಬುಡದ ಉಧೇವಾಡಿಯಲ್ಲೋ, ಭಂಡಾರದರಾದಲ್ಲೋ ಡೇರೆ ಹಾಕುವ ಕನ್ನಡ ಬಳಗಗಳು ಈಗ ಬೇಕಾದಷ್ಟಿವೆ. ಅವರಲ್ಲಿ ಒಬ್ಬರ ಚೀಲದಲ್ಲಾದರೂ ಬ್ಲೂಟೂತ್ ಸ್ಪೀಕರ್ ಇದ್ದೇ ಇರುತ್ತದೆ. ಅದನ್ನು ಮನೆಯಲ್ಲೇ ಬಿಟ್ಟು ಬನ್ನಿ ಎಂದು ನಾನು ಹೇಳುವುದಿಲ್ಲ. ಕಾಡಂಚಿನಲ್ಲಿ ಕೂತು ಕೇಳಿದ ಸಂಗೀತದ ಸುಖವೇ ಬೇರೆ. ಊರಲ್ಲಿ ಮಿಕ್ಸರ್, ಲಿಫ್ಟು, ಹಾರನ್ನುಗಳ ನಡುವೆ ಕಳೆದುಹೋಗುವ ತಂಬೂರಿಯ ಶ್ರುತಿ ಅಲ್ಲಿ ಎಳೆ ಎಳೆಯಾಗಿ ಕೇಳಿಸುತ್ತದೆ. ಸುತ್ತ ಅಷ್ಟು ನಿಶ್ಶಬ್ದ ಇರುವಾಗ ತೀರ ಸಣ್ಣ ದನಿಯೇ ಸಾಕು. ಅಲ್ಲಿ ವಾಲ್ಯೂಮ್ ಏರಿಸಿದವರು ಹೆಚ್ಚೇನೂ ಕೇಳುವುದಿಲ್ಲ, ಕಡಿಮೆಯೇ ಕೇಳುತ್ತಾರೆ. ಈ ಬರಹದಲ್ಲಿ ಹೇಳುವುದೆಲ್ಲ ಆ ಸಣ್ಣ ದನಿಯನ್ನು ಚೆನ್ನಾಗಿ ಕೇಳಲು ಮಾಡಿಕೊಳ್ಳಬೇಕಾದ ಸಿದ್ಧತೆ.

ಹಂತ 1: ಹೋಗುವ ಜಾಗ ಯಾವುದು, ನೋಡಿಕೊಳ್ಳಿ

ಏನು ಒಯ್ಯಬೇಕು ಅನ್ನುವುದನ್ನು ಜಾಗವೇ ತೀರ್ಮಾನಿಸುತ್ತದೆ. ಭೀಮಾಶಂಕರ, ಕಳಸೂಬಾಯಿ–ಹರಿಶ್ಚಂದ್ರಗಡ, ಗೋವಾದ ಮೊಲೆಂ, ನೇತ್ರಾವಳಿ ಇವೆಲ್ಲ ಅಭಯಾರಣ್ಯಗಳು. ಇಂಥ ಕಡೆ ಪ್ರಾಣಿಗಳನ್ನು ಕೆಣಕುವುದನ್ನೂ ಕಸ ಎಸೆಯುವುದನ್ನೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸುತ್ತದೆ. ಅಭಯಾರಣ್ಯದೊಳಗೆ ಸ್ಪೀಕರ್ ಬೇಡವೇ ಬೇಡ, ಇಯರ್‌ಫೋನ್ ಒಂದೇ ಸಾಕು. ರಾತ್ರಿ ತಂಗಲು ಅನುಮತಿ ಇದೆಯೇ ಎಂದು ಅರಣ್ಯ ಇಲಾಖೆಯ ನಾಕಾದಲ್ಲಿ ಮೊದಲೇ ವಿಚಾರಿಸಿ. ಕೋಟೆಗಳಿಗೂ ಇದೇ ಮಾತು.

ಪವನಾ ದಂಡೆಯಂಥ ಖಾಸಗಿ ಶಿಬಿರಗಳಲ್ಲಿ ಸಣ್ಣ ಸ್ಪೀಕರಿಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಆದರೂ 2000ದ ಶಬ್ದಮಾಲಿನ್ಯ ನಿಯಮಗಳು ಅಲ್ಲಿಗೂ ಅನ್ವಯಿಸುತ್ತವೆ: ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ವಸತಿ ಪ್ರದೇಶಕ್ಕೆ ರಾತ್ರಿಯ ಮಿತಿ 45 ಡೆಸಿಬಲ್. ಈ ಸಂಖ್ಯೆ ನೆನಪಿರಲಿ, ಮುಂದೆ ಲೆಕ್ಕಕ್ಕೆ ಬೇಕಾಗುತ್ತದೆ.

ಹಳ್ಳಿಯ ಮನೆಯಂಗಳದಲ್ಲಿ ಡೇರೆ ಹಾಕುವವರು ಮನೆಯವರನ್ನು ಕೇಳಿಯೇ ಹಾಡು ಹಾಕಬೇಕು. "ಮಾವಶಿ, ಗಾಣೀ ಲಾವಲೀ ತರ ಚಾಲೇಲ ಕಾ?" (ಚಿಕ್ಕಮ್ಮಾ, ಹಾಡು ಹಾಕಿದರೆ ನಡೆದೀತೇ?) ಎಂದು ಮರಾಠಿಯಲ್ಲಿ ಕೇಳಿದರೆ ಬೇಡ ಅನ್ನುವವರು ಕಡಿಮೆ. ಅವರು ಏಳುವುದು ನಸುಕಿನಲ್ಲಿ, ಮಲಗುವುದು ಬೇಗ. ಪಿಠ್ಲಾ–ಭಾಕರಿ ಬಡಿಸಿ ಪಾತ್ರೆ ಒಳಗಿಟ್ಟರೆಂದರೆ ನಿಮ್ಮ ಸ್ಪೀಕರಿನ ಹೊತ್ತೂ ಮುಗಿಯಿತು ಎಂದುಕೊಳ್ಳಿ. ಅಷ್ಟರೊಳಗೆ ಒಂದೆರಡು ಅಭಂಗ ಹಾಕಿ ನೋಡಿ, ಮನೆಯ ಹಿರಿಯರೂ ಬಂದು ಕಟ್ಟೆಯ ಮೇಲೆ ಕೂರುತ್ತಾರೆ.

ಹಂತ 2: ಹಾಡುಗಳನ್ನು ಮನೆಯಲ್ಲೇ ತುಂಬಿಕೊಳ್ಳಿ

ಘಟ್ಟದ ಕಣಿವೆಗಳಲ್ಲಿ ನೆಟ್‌ವರ್ಕ್ ನಂಬುವಂತಿಲ್ಲ. ಹಾಡಿನ ಆ್ಯಪ್‌ಗಳಲ್ಲಿ ಡೌನ್‌ಲೋಡ್ ಮಾಡಿಟ್ಟದ್ದು ಎಷ್ಟೋ ಸಲ ಚಂದಾ ಇದ್ದರಷ್ಟೇ ನುಡಿಯುತ್ತದೆ. ಆ್ಯಪ್ ಆಗಾಗ ನೆಟ್ ಮುಟ್ಟಿ ಚಂದಾ ಖಚಿತಪಡಿಸಿಕೊಳ್ಳುತ್ತದೆ. ಬಹಳ ದಿನ ತೆರೆಯದೆ ಬಿಟ್ಟ ಆ್ಯಪ್ ಕಾಡಿನಲ್ಲಿ ಕೈಕೊಡುವುದು ಇದೇ ಕಾರಣಕ್ಕೆ. ಹೊರಡುವ ಹಿಂದಿನ ರಾತ್ರಿ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ವೈಫೈ ಕೂಡ ಬಂದ್ ಮಾಡಿ, ಪಟ್ಟಿಯಲ್ಲಿನ ಹಾಡುಗಳನ್ನು ಒಂದೊಂದಾಗಿ ಒತ್ತಿ ನೋಡಿ. ನುಡಿಯದೆ ಉಳಿದದ್ದನ್ನು ಆಗಲೇ ಸರಿಪಡಿಸಿಕೊಳ್ಳಿ.

ಕೊಂಡ ಸಿ.ಡಿ.ಗಳಿಂದ ಮಾಡಿಕೊಂಡ ಸ್ವಂತ ಫೈಲುಗಳಿದ್ದರೆ ಇನ್ನೂ ಒಳ್ಳೆಯದು. ಜಾಗದ ಲೆಕ್ಕ ಸರಳ: 320 ಕೆಬಿಪಿಎಸ್ ಎಂಪಿ3 ಗಂಟೆಗೆ ಸುಮಾರು 144 ಎಂಬಿ, 128 ಕೆಬಿಪಿಎಸ್ ಆದರೆ ಸುಮಾರು 58 ಎಂಬಿ ಹಿಡಿಯುತ್ತದೆ. ಸಣ್ಣ ಬ್ಲೂಟೂತ್ ಸ್ಪೀಕರಿನಲ್ಲಿ ಕೇಳುವುದಾದರೆ ಅದಕ್ಕಿಂತ ದೊಡ್ಡ ಫೈಲುಗಳಿಂದ ಕಿವಿಗೆ ಹೆಚ್ಚೇನೂ ಸಿಗುವುದಿಲ್ಲ. ವೈರಿನ ಒಳ್ಳೆಯ ಇಯರ್‌ಫೋನ್ ಇದ್ದವರು ಬೇಕಾದರೆ ದೊಡ್ಡವನ್ನು ಇಟ್ಟುಕೊಳ್ಳಲಿ.

ತಂಬೂರಿಯ ಆ್ಯಪ್ ಒಂದನ್ನೂ ಹಾಕಿಕೊಳ್ಳಿ. ಬಳಗದಲ್ಲಿ ಹಾಡುವವರು ಯಾರಾದರೂ ಇದ್ದೇ ಇರುತ್ತಾರೆ. ಫೋನಿನಿಂದಲೇ ಮೆಲ್ಲಗೆ ಶ್ರುತಿ ಹಿಡಿಸಿಕೊಂಡು ಒಬ್ಬರು ದಾಸರ ಪದವನ್ನೋ ತತ್ವಪದವನ್ನೋ ಎತ್ತಿಕೊಂಡರೆ ಆಮೇಲೆ ಸ್ಪೀಕರ್ ಯಾರಿಗೂ ನೆನಪಾಗುವುದಿಲ್ಲ.

ಹಂತ 3: ಬ್ಯಾಟರಿಯ ಲೆಕ್ಕ

10,000 ಎಂಎಎಚ್ ಎಂದು ಬರೆದಿರುವ ಪವರ್‌ಬ್ಯಾಂಕ್ ಅಷ್ಟನ್ನೂ ಫೋನಿಗೆ ಕೊಡುವುದಿಲ್ಲ. ಆ ಸಂಖ್ಯೆ ಒಳಗಿನ 3.7 ವೋಲ್ಟಿನ ಸೆಲ್ಲಿನದು, ಅಂದರೆ 37 ವ್ಯಾಟ್-ಅವರ್. 5 ವೋಲ್ಟಿಗೆ ಏರಿಸುವಾಗ, ಕೇಬಲ್ ಬಿಸಿಯಾಗುವಾಗ ಒಂದಿಷ್ಟು ಸೋರಿಹೋಗಿ, 5,000 ಎಂಎಎಚ್ ಫೋನನ್ನು ಒಂದೂವರೆ ಸಲ ತುಂಬಿಸುವಷ್ಟು ಉಳಿಯುತ್ತದೆ. ಇಬ್ಬರಿಗೆ ಒಂದು ರಾತ್ರಿಗೆ ಅದು ಧಾರಾಳ.

ಕಾಡಿನಲ್ಲಿ ಬ್ಯಾಟರಿ ಕರಗುವುದಕ್ಕೆ ಹಾಡಿಗಿಂತ ಹೆಚ್ಚಾಗಿ ಸಿಗದ ಸಿಗ್ನಲ್ಲೇ ಕಾರಣ. ಟವರ್ ಹುಡುಕುತ್ತ ಫೋನು ತನ್ನ ಪ್ರಸರಣದ ಶಕ್ತಿಯನ್ನು ಏರಿಸುತ್ತ ಹೋಗುತ್ತದೆ. ಏರೋಪ್ಲೇನ್ ಮೋಡ್ ಹಾಕಿ, ಬ್ಲೂಟೂತ್ ಮಾತ್ರ ಮತ್ತೆ ಆನ್ ಮಾಡಿ. ಸಂಪರ್ಕಕ್ಕೆ ಬಳಗದ ಒಂದು ಫೋನು ಚಾಲೂ ಇದ್ದರೆ ಸಾಕು, ಅದು ಹಾಡು ಹಾಕುವ ಫೋನು ಆಗಬಾರದು. ಅವಘಡವಾದಾಗ ಕರೆ ಮಾಡಲು ಇರುವ ಚಾರ್ಜನ್ನು ಹಾಡಿಗೆ ಖರ್ಚು ಮಾಡಬಾರದು.

ಡಿಸೆಂಬರ್–ಜನವರಿಯ ಚಳಿಯಲ್ಲಿ ಲಿಥಿಯಂ ಬ್ಯಾಟರಿ ಕಡಿಮೆ ಹೊತ್ತು ಬರುತ್ತದೆ. ರಾತ್ರಿ ಫೋನು, ಪವರ್‌ಬ್ಯಾಂಕ್‌ಗಳನ್ನು ಸ್ಲೀಪಿಂಗ್ ಬ್ಯಾಗಿನ ಬಳಿ, ಬಟ್ಟೆಯಲ್ಲಿ ಸುತ್ತಿಡಿ. ಬೇಸಿಗೆಯ ಅಪಾಯ ಇದಕ್ಕಿಂತ ದೊಡ್ಡದು: ಮಧ್ಯಾಹ್ನದ ಬಿಸಿಲಿಗೆ ಮುಚ್ಚಿದ ಡೇರೆಯೊಳಗೋ ಕಾರಿನ ಡ್ಯಾಶ್‌ಬೋರ್ಡಿನ ಮೇಲೋ ಸ್ಪೀಕರ್ ಬಿಟ್ಟುಹೋದರೆ ಬ್ಯಾಟರಿ ಶಾಶ್ವತವಾಗಿ ಹಾಳಾದೀತು.

ಹಂತ 4: ಸ್ಪೀಕರ್ ಎಲ್ಲಿಡಬೇಕು, ಎಷ್ಟು ಜೋರಾಗಿಡಬೇಕು

ಇದು ಇಡೀ ಮಾರ್ಗದರ್ಶಿಯ ಮುಖ್ಯ ಭಾಗ, ಸ್ವಲ್ಪ ನಿಧಾನವಾಗಿ ಓದಿ.

ಬಯಲಲ್ಲಿ ದೂರ ಎರಡರಷ್ಟಾದರೆ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಸ್ಪೀಕರಿನಿಂದ 1 ಮೀಟರ್ ದೂರದಲ್ಲಿ 75 ಡೆಸಿಬಲ್ ಇದೆ ಎನ್ನಿ. 2 ಮೀಟರಿಗೆ 69, 4ಕ್ಕೆ 63, 8ಕ್ಕೆ 57, 16ಕ್ಕೆ 51, 32 ಮೀಟರಿಗೆ 45. ನಿಯಮದ 45ಕ್ಕೆ ಇಳಿಯಬೇಕಾದರೇ 32 ಮೀಟರ್ ಬೇಕಾಯಿತು. ಅಷ್ಟು ದೂರದೊಳಗೆ ಪವನಾ ದಂಡೆಯಲ್ಲಿ ಎಷ್ಟೋ ಡೇರೆಗಳಿರುತ್ತವೆ. ಇನ್ನು ನಿಜವಾದ ಕಾಡಿನಲ್ಲಿ ಗಾಳಿಯಿಲ್ಲದ ರಾತ್ರಿ ಇದಕ್ಕಿಂತ ಎಷ್ಟೋ ಮೌನವಾಗಿರುವುದರಿಂದ ನೂರು ಮೀಟರ್ ಆಚೆಗೂ ನಿಮ್ಮ ಹಾಡು ಸ್ಪಷ್ಟವಾಗಿ ಕೇಳುತ್ತದೆ.

ಇದೇ ಲೆಕ್ಕವನ್ನು ನಮ್ಮ ಕಡೆಗೂ ತಿರುಗಿಸಿಕೊಳ್ಳಬಹುದು. ಸ್ಪೀಕರನ್ನು ದೂರದ ಬಂಡೆಯ ಮೇಲೋ ಕಾರಿನ ಬಾನೆಟ್ ಮೇಲೋ ಇಟ್ಟು ಜೋರು ಮಾಡುವ ಬದಲು ಚಾಪೆಯ ನಡುವೆ ಇಟ್ಟು ಸುತ್ತ ಹತ್ತಿರ ಕೂತುಕೊಳ್ಳಿ. 2 ಮೀಟರ್ ಇದ್ದದ್ದು 1 ಮೀಟರಾದರೆ ವಾಲ್ಯೂಮನ್ನು 6 ಡೆಸಿಬಲ್ ಇಳಿಸಬಹುದು, ನಿಮ್ಮ ಕಿವಿಗೆ ಅಷ್ಟೇ ಕೇಳುತ್ತದೆ, ಪಕ್ಕದ ಡೇರೆಗೆ ಎಷ್ಟೋ ಕಡಿಮೆಯಾಗುತ್ತದೆ. ಇಟ್ಟ ಮೇಲೆ ಒಬ್ಬರು ಎದ್ದು ನಿಮ್ಮ ಜಾಗದ ಅಂಚಿನವರೆಗೆ ನಡೆದು ಕೇಳಿ ಬರಲಿ. ಹಾಡಿನ ಪದಗಳು ಅಲ್ಲಿಗೂ ತಿಳಿಯುತ್ತಿದ್ದರೆ ಇನ್ನೂ ಇಳಿಸಬೇಕು.

ನಡುವೆ ಗಿಡಗಂಟಿ ಇದೆಯಲ್ಲ, ತಡೆಯುತ್ತದೆ ಎಂಬ ನಂಬಿಕೆ ಬಹಳ ಜನಕ್ಕಿದೆ. ದಟ್ಟ ಹಸಿರು ಎತ್ತರದ ಸ್ವರಗಳನ್ನು ಒಂದಿಷ್ಟು ಹೀರುವುದು ನಿಜ. ಬೇಸ್ ಮಾತ್ರ ಆಚೆಗೆ ಹಾಗೇ ಹೋಗುತ್ತದೆ. ದೂರದ ಶಿಬಿರದ ಹಾಡು ಯಾವುದೆಂದು ತಿಳಿಯದೆ ಬರೀ ದುಮ್ ದುಮ್ ಎಂದು ಕೇಳುವುದು ಅದಕ್ಕೇ. ಆ್ಯಪಿನ ಈಕ್ವಲೈಸರಿನಲ್ಲಿ ಬೇಸ್ ಇಳಿಸಿ. ಅಂಗೈಯಗಲದ ಸ್ಪೀಕರಿನಲ್ಲಿ ತಬಲಾದ ಎಡಗೈ ಡಗ್ಗಾ ಹೇಗೂ ಪೂರ್ತಿ ಬರುವುದಿಲ್ಲ, ಬರಿಸಲು ಒದ್ದಾಡುವುದೂ ಬೇಡ.

ನೀರಿನ ದಂಡೆಯಲ್ಲಿ ಇನ್ನೊಂದು ಸಂಗತಿ ಸೇರಿಕೊಳ್ಳುತ್ತದೆ. ಸೂರ್ಯ ಮುಳುಗಿದ ಮೇಲೆ ನೆಲದ, ನೀರಿನ ಮೇಲಿನ ಗಾಳಿ ತಣ್ಣಗಾಗಿ, ಅದರ ಮೇಲೆ ಬೆಚ್ಚಗಿನ ಗಾಳಿ ಉಳಿಯುತ್ತದೆ. ಮೇಲಕ್ಕೆ ಹೋಗಬೇಕಿದ್ದ ಸದ್ದು ಅಲ್ಲಿಂದ ಬಾಗಿ ಮತ್ತೆ ಕೆಳಕ್ಕಿಳಿಯುತ್ತದೆ. ತಿಕೋನಾ, ತುಂಗ್ ಕೋಟೆಗಳ ಕೆಳಗೆ ಕೂತವರಿಗೆ ಎದುರು ದಂಡೆಯವರ ಮಾತು ರಾತ್ರಿ ಪಕ್ಕದಲ್ಲೇ ಆಡಿದಂತೆ ಕೇಳುವುದು ಹೀಗೆ. ಆದ್ದರಿಂದ ಸ್ಪೀಕರಿನ ಮುಖ ಎಂದೂ ನೀರಿನ ಕಡೆಗಿರಬಾರದು. ನೀರಿಗೆ ಬೆನ್ನು ಮಾಡಿ, ನಿಮ್ಮ ಡೇರೆಯ ಕಡೆ ತಿರುಗಿಸಿ, ನೆಲಕ್ಕೆ ಸಮೀಪದಲ್ಲಿಡಿ.

"ದಾದಾ, ಆವಾಜ್ ಥೋಡಾ ಕಮೀ ಕರಾಲ ಕಾ?" (ಅಣ್ಣಾ, ಸದ್ದು ಸ್ವಲ್ಪ ಕಡಿಮೆ ಮಾಡುತ್ತೀರಾ?) ಎಂದು ಪಕ್ಕದವರು ಬಂದು ಕೇಳಿದರೆ ವಾದಕ್ಕಿಳಿಯದೆ ತಕ್ಷಣ ಇಳಿಸಿ. ಹಾಗೆ ಕೇಳಲು ಕತ್ತಲಲ್ಲಿ ಎದ್ದು ಬರಬೇಕಾದರೆ ಅವರು ಎಷ್ಟೋ ಹೊತ್ತು ಸಹಿಸಿಕೊಂಡಿರುತ್ತಾರೆ.

ಮೇ ಕೊನೆಯಿಂದ ಜೂನ್ ಮಧ್ಯದವರೆಗೆ ಮಿಂಚುಹುಳ ನೋಡಲು ಭಂಡಾರದರಾ, ಪುರುಷವಾಡಿ, ರಾಜಮಾಚಿಗೆ ಹೋಗುವವರು ಸ್ಪೀಕರಿನ ಬಣ್ಣದ ದೀಪಗಳನ್ನು ಆರಿಸಲೇಬೇಕು. ಗಂಡು ಹೆಣ್ಣು ಹುಳಗಳು ಒಂದನ್ನೊಂದು ಗುರುತಿಸುವುದೇ ಮಿಣುಕಿನ ಲಯದಿಂದ. ಅದರ ನಡುವೆ ನೀಲಿ–ಕೆಂಪು ಎಲ್‌ಇಡಿ ಮಿಟುಕಿದರೆ ಅವುಗಳ ಜೋಡಿಯಾಟವೇ ಕೆಡುತ್ತದೆ. ದೀಪ ಆರಿಸುವ ಗುಂಡಿ ಇಲ್ಲದಿದ್ದರೆ ಮೇಲೆ ಕಪ್ಪು ಟೇಪ್ ಅಂಟಿಸಿ, ಅಥವಾ ಆ ರಾತ್ರಿ ಸ್ಪೀಕರ್ ಬಿಟ್ಟುಬಿಡಿ.

ಕೋಟೆಯ ಬಂಡೆಗಳಲ್ಲಿ ಹೆಜ್ಜೇನಿನ ತಟ್ಟಿ ಕಂಡರೆ ಹಾಡು, ಹೊಗೆ, ಸೆಂಟು ಮೂರೂ ಬೇಡ. ಅಲ್ಲಿಂದ ಸದ್ದಿಲ್ಲದೆ ದಾಟಿ ಮುಂದೆ ಹೋಗಿ.

ಹಂತ 5: ಇಯರ್‌ಫೋನಿನ ಶಿಸ್ತು

ಚಾರಣದ ದಾರಿಯಲ್ಲಿ ಎರಡೂ ಕಿವಿ ಮುಚ್ಚಬೇಡಿ. ಮೇಲಿನಿಂದ ಕಲ್ಲು ಉರುಳಿದಾಗ ಮುಂದಿನವರು ಕೂಗುವುದು, ಮಳೆಗಾಲದಲ್ಲಿ ಹಳ್ಳದ ನೀರಿನ ಸದ್ದು ಏಕಾಏಕಿ ಏರುವುದು, ಒಣ ಎಲೆಯ ಮೇಲಿನ ಸರಪರ ಇವೆಲ್ಲ ಕಿವಿಗೆ ಬೀಳಲೇಬೇಕು. ಡೇರೆಯೊಳಗೂ ಒಂದೇ ಕಿವಿಗೆ ಹಾಕಿಕೊಳ್ಳುವುದು ಲೇಸು. ಫೋನಿನ ಸೆಟ್ಟಿಂಗಿನಲ್ಲಿ ಮೋನೋ ಆಯ್ಕೆ ಮಾಡಿಕೊಂಡರೆ ಎರಡು ಕಡೆಯ ಸ್ವರವೂ ಒಂದೇ ಕಿವಿಗೆ ಬರುತ್ತದೆ. ಹಳೆಯ ಧ್ವನಿಮುದ್ರಿಕೆಗಳು ಹೇಗೂ ಮೋನೋದಲ್ಲೇ ಇವೆ, ಅವುಗಳಲ್ಲಿ ಏನೂ ಕಳೆಯುವುದಿಲ್ಲ.

ಹೊರಗಿನ ಸದ್ದು ಅಳಿಸುವ ಇಯರ್‌ಬಡ್‌ಗಳಿದ್ದರೆ ಆ ಸೌಲಭ್ಯ ಬಂದ್ ಮಾಡಿ. ಕಾಡುಕುರಿ ನಾಯಿಯಂತೆ ಬೊಗಳುತ್ತಲೇ ಇದ್ದರೆ ಹತ್ತಿರದಲ್ಲಿ ಚಿರತೆ ಇರಬಹುದು. ಆ ಕೂಗನ್ನು ಅಳಿಸಿಕೊಂಡು ಕೂರುವುದು ಜಾಣತನವಲ್ಲ. ಜಲಪಾತದ ಬಳಿ ಕೂತಾಗ ನೀರಿನ ಭೋರ್ಗರೆತ ಮೀರಿಸಲು ವಾಲ್ಯೂಮ್ ಏರಿಸುವ ಚಪಲ ಹುಟ್ಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬಲ್ ಆದರೆ ವಾರಕ್ಕೆ 40 ಗಂಟೆ ಕೇಳಬಹುದು, 90 ಆದರೆ ಬರೀ 4 ಗಂಟೆ. ಜಲಪಾತದ ಬಳಿ ಹಾಡು ನಿಲ್ಲಿಸಿಬಿಡುವುದೇ ಸರಿ.

ಮಲಗುವ ಮುಂಚೆ ಸ್ಲೀಪ್ ಟೈಮರ್ ಹಾಕಿ. ಇಪ್ಪತ್ತು ನಿಮಿಷಕ್ಕೆ ತಾನೇ ನಿಲ್ಲಲಿ.

ಹಂತ 6: ಒಂದು ರೇಡಿಯೊ ಒಯ್ಯಿರಿ

ಇದು ನನ್ನ ಅತಿ ಪ್ರೀತಿಯ ಸಲಹೆ, ಪುಣೆಯ ಕನ್ನಡಿಗರಿಗಂತೂ ವಿಶೇಷವಾಗಿ. ಎಫ್‌ಎಂ ಅಲೆಗಳು ನೇರ ಸಾಗುವಂಥವು, ಗುಡ್ಡದ ಮರೆಗೆ ಬಂದರೆ ಹೋಯಿತು. ಮೀಡಿಯಂ ವೇವ್ ಹಾಗಲ್ಲ. ಹಗಲಲ್ಲಿ ವಾತಾವರಣದ ಮೇಲಿನ ಅಯಾನುಗೋಳದ ಕೆಳಪದರ ಅದನ್ನು ನುಂಗುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗಿಹೋಗಿ, ಅಲೆಗಳು ಅದಕ್ಕೂ ಮೇಲಿನ ಪದರದಿಂದ ಪ್ರತಿಫಲಿಸಿ ನೂರಾರು ಕಿಲೋಮೀಟರ್ ಆಚೆ ಇಳಿಯುತ್ತವೆ. ಆಕಾಶವಾಣಿ ಧಾರವಾಡದ 765 ಕಿಲೋಹರ್ಟ್ಜ್, ಬೆಂಗಳೂರಿನ 612 ಕಿಲೋಹರ್ಟ್ಜ್ ಎರಡೂ ಸಹ್ಯಾದ್ರಿಯ ರಾತ್ರಿಯಲ್ಲಿ ಹುಡುಕಿ ನೋಡಬೇಕಾದವು. ಊರಿನ ಫ್ಲ್ಯಾಟಿನಲ್ಲಿ ಎಲ್‌ಇಡಿ ಬಲ್ಬು, ಚಾರ್ಜರು, ಲಿಫ್ಟಿನ ಮೋಟರುಗಳ ಗದ್ದಲದಲ್ಲಿ ಮುಳುಗಿಹೋಗುವ ಈ ಕೇಂದ್ರಗಳಿಗೆ ಕರೆಂಟೇ ಇಲ್ಲದ ಬಯಲು ಬಹಳ ಅನುಕೂಲ.

ಸೆಲ್ ಹಾಕುವ, ಮೀಡಿಯಂ ವೇವ್ ಇರುವ ಟ್ರಾನ್ಸಿಸ್ಟರ್ ಆಗಬೇಕು. ಅದರ ಮೀಡಿಯಂ ವೇವ್ ಆಂಟೆನಾ ಪೆಟ್ಟಿಗೆಯ ಒಳಗೇ ಇದೆ, ತಂತಿ ಸುತ್ತಿದ ಕಪ್ಪು ಫೆರೈಟ್ ಕಡ್ಡಿ. ಹೊರಗಿನ ಉದ್ದ ಕಡ್ಡಿ ಎಳೆದು ಏನೂ ಉಪಯೋಗವಿಲ್ಲ, ಅದು ಎಫ್‌ಎಂಗೆ. ಫೆರೈಟ್ ಕಡ್ಡಿ ಸಾಮಾನ್ಯವಾಗಿ ಪೆಟ್ಟಿಗೆಯ ಉದ್ದಕ್ಕೇ ಇರುತ್ತದೆ. ಕೇಂದ್ರ ಇರುವ ದಿಕ್ಕಿಗೆ ಅದು ಅಡ್ಡಲಾಗಿ ನಿಂತಾಗ ಹೆಚ್ಚು ಹಿಡಿಯುತ್ತದೆ, ತುದಿ ಕೇಂದ್ರದ ಕಡೆ ಚಾಚಿದರೆ ಸದ್ದು ಸೊರಗುತ್ತದೆ. ನಮಗೆ ಧಾರವಾಡ ಇರುವುದು ದಕ್ಷಿಣಕ್ಕೆ. ಹಾಗಾಗಿ ರೇಡಿಯೊದ ಉದ್ದ ಪೂರ್ವ–ಪಶ್ಚಿಮಕ್ಕೆ ಬರುವಂತಿಟ್ಟು 765ರ ಸುತ್ತ ಗಾಲಿಯನ್ನು ಕೂದಲೆಳೆಯಷ್ಟು ತಿರುಗಿಸಿ. ಮೊದಲು ಬರೀ ಚರಚರ. ರೇಡಿಯೊವನ್ನು ಬೆರಳುಗಲ ಎಡಕ್ಕೆ, ಬಲಕ್ಕೆ ಹೊರಳಿಸುತ್ತಿರುವಾಗ ಚರಚರದ ಹಿಂದಿನಿಂದ ನಮ್ಮ ಕಡೆಯ ಮಾತಿನ ಧಾಟಿ ಏಳುತ್ತದೆ. ಆಗ ಕೈ ತೆಗೆದು, ಪೆಟ್ಟಿಗೆಯನ್ನು ಹಾಗೇ ಕಲ್ಲಿಗೆ ಆನಿಸಿಡಿ. ದನಿ ಏರುವುದು, ಇಳಿಯುವುದು ಇದ್ದದ್ದೇ, ಮೇಲಿನ ಪದರ ಸ್ಥಿರವಾಗಿ ನಿಲ್ಲುವಂಥದ್ದಲ್ಲ. ಪವರ್‌ಬ್ಯಾಂಕ್, ಎಲ್‌ಇಡಿ ಲಾಂದ್ರ ಹತ್ತಿರವಿದ್ದರೆ ದೂರ ಸರಿಸಿ.

ಕೆಲವು ಕೇಂದ್ರಗಳು ಕೆಲವು ಹೊತ್ತು ಡಿಜಿಟಲ್ ಆಗಿ ಪ್ರಸಾರ ಮಾಡುತ್ತವೆ. ಆಗ ಸಾದಾ ರೇಡಿಯೊದಲ್ಲಿ ಒಂದೇ ಸಮನೆ ಸುಯ್ಯೆನ್ನುವ ಸದ್ದಷ್ಟೇ ಬರುತ್ತದೆ. ರೇಡಿಯೊ ಕೆಟ್ಟಿತೆಂದು ಬಗೆಯದೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ. ಗುಡುಗು–ಮಿಂಚಿನ ರಾತ್ರಿ ಮೀಡಿಯಂ ವೇವ್ ಆಸೆ ಬಿಡಿ.

ಹಂತ 7: ಹೊತ್ತಿಗೆ ತಕ್ಕ ಸಂಗೀತ

ಸಿನಿಮಾ ಹಾಡು, ಭಾವಗೀತೆ ಯಾವುದಾದರೂ ಆದೀತು, ಅದು ಅವರವರ ರುಚಿ. ಹಿಂದೂಸ್ತಾನಿ ಕೇಳುವವರಿಗೆ ಮಾತ್ರ ಡೇರೆಯ ರಾತ್ರಿಯಷ್ಟು ಒಳ್ಳೆಯ ಅವಕಾಶ ಬೇರೆಲ್ಲೂ ಸಿಗದು, ಅದಕ್ಕೊಂದು ಕಾರಣವಿದೆ: ಅಲ್ಲಿ ಒಂದೊಂದು ರಾಗಕ್ಕೂ ಹಾಡುವ ಹೊತ್ತು ಇಂಥದ್ದೆಂದು ಇದೆ.

ಕುಂದಗೋಳದ ಸವಾಯಿ ಗಂಧರ್ವರ ನೆನಪಿಗಾಗಿ ಅವರ ಶಿಷ್ಯ, ಗದಗಿನ ಭೀಮಸೇನ ಜೋಶಿಯವರು 1953ರಲ್ಲಿ ಪುಣೆಯಲ್ಲಿ ಶುರುಮಾಡಿದ ಉತ್ಸವದಲ್ಲಿ ಒಂದು ಕಾಲಕ್ಕೆ ರಾತ್ರಿಯಿಡೀ ಸಂಗೀತ ನಡೆಯುತ್ತಿತ್ತು. ಧ್ವನಿವರ್ಧಕದ ನಿಯಮಗಳು ಬಂದ ಮೇಲೆ ಆ ಅಹೋರಾತ್ರಿ ಬೈಠಕ್‌ಗಳು ನಿಂತವು. ನಿಯಮ ಬೇಕಾದದ್ದೇ, ಅದರ ಬಗ್ಗೆ ತಕರಾರಿಲ್ಲ. ಆದರೆ ನಡುರಾತ್ರಿಯ ದರಬಾರಿಯನ್ನೋ ಮಾಲಕಂಸವನ್ನೋ ನಸುಕಿನ ಲಲಿತವನ್ನೋ ಅದರದರ ಹೊತ್ತಿನಲ್ಲೇ ಕೇಳುವುದು ನಗರದವರಿಗೆ ಅಪರೂಪವಾಯಿತು. ಮನೆಯಲ್ಲಿ ಆ ಹೊತ್ತಿಗೆ ಎದ್ದು ಕೂರುವವರು ಯಾರು? ಡೇರೆಯಲ್ಲಿ ಹೇಗೂ ಎಚ್ಚರವಾಗುತ್ತದೆ, ಕಿವಿಯೂ ತಿಳಿಯಾಗಿರುತ್ತದೆ.

ಹೀಗೆ ಹೊಂದಿಸಿಕೊಳ್ಳಿ. ಸೂರ್ಯ ಗುಡ್ಡದ ಹಿಂದೆ ಸರಿಯುವ ಹೊತ್ತಿಗೆ ಮಾರವಾ ಅಥವಾ ಪೂರಿಯಾ. ಡಿಸೆಂಬರಿನಲ್ಲಿ ಇದು ಆರರ ಆಸುಪಾಸು, ಮೇ ತಿಂಗಳಲ್ಲಿ ಏಳು. ದೀಪ ಹಚ್ಚಿದ ಮೇಲೆ ಯಮನ್, ಇದನ್ನು ಸ್ಪೀಕರಿನಲ್ಲೇ ಎಲ್ಲರೂ ಕೂಡಿ ಕೇಳಬಹುದು. ಊಟ ಮುಗಿಯುವಷ್ಟರಲ್ಲಿ ಬಾಗೇಶ್ರೀ. ಹತ್ತಕ್ಕೆ ಸ್ಪೀಕರ್ ಬಂದ್. ಅಲ್ಲಿಂದ ಮುಂದೆ ದರಬಾರಿ, ಮಾಲಕಂಸ ಇಯರ್‌ಫೋನಿನಲ್ಲಿ. ನಸುಕಿಗೆ ಎಚ್ಚರವಾದರೆ ಲಲಿತ, ಬೆಳಕು ಹರಿದಂತೆ ಭೈರವ, ಚಹಾ ಕುದಿಯುವ ಹೊತ್ತಿಗೆ ತೋಡಿ. ಮಳೆಗಾಲವಾದರೆ ಮಲ್ಹಾರದ ಬಗೆಗಳನ್ನು ಯಾವ ಹೊತ್ತಿಗೂ ಹಾಕಬಹುದು. ಡೇರೆಯ ಮೇಲೆ ಮಳೆ ಬೀಳುವಾಗ ನಿಧಾನಗತಿಯ ವಿಲಂಬಿತ ಆಲಾಪ ಕೇಳಿಸುವುದಿಲ್ಲ, ಆಗ ವೇಗದ ದ್ರುತ್ ಬಂದಿಶ್ ಇಲ್ಲವೇ ತರಾನಾ ಆಯ್ದುಕೊಳ್ಳಿ.

ಇಡೀ ಪಟ್ಟಿಯನ್ನು ಮುಗಿಸಲೇಬೇಕೆಂದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದಲ್ಲಿ ನಸುಕಿಗೇ ಸಿಳ್ಳಾರ ಹಕ್ಕಿ ಹಾಡಲು ಶುರುಮಾಡುತ್ತದೆ, ಯಾರೋ ಹುಡುಗ ಸಿಳ್ಳೆ ಹಾಕುತ್ತ ಅಡ್ಡಾಡುತ್ತಿದ್ದಾನೆ ಎನಿಸುವಷ್ಟು ಸ್ವರಗಳು. ಅದು ಕೇಳಿಸಿದರೆ ಇಯರ್‌ಫೋನ್ ತೆಗೆದಿಡಿ. ಸಂಜೆಯ ಕಪ್ಪೆಗಳ ಮೇಳಕ್ಕೂ ಇದೇ ಮಾತು. ಗಂಡು ಕಪ್ಪೆ ವಟಗುಟ್ಟುವುದು ಸಂಗಾತಿಯನ್ನು ಕರೆಯಲು. ಆ ಕರೆಯ ಮೇಲೆ ನಮ್ಮ ಸದ್ದು ಕವಿಯಬಾರದು.

ಹಂತ 8: ಮಳೆ, ಧೂಳು, ಮರಳಿದ ಮೇಲಿನ ಕೆಲಸ

ಐಪಿಎಕ್ಸ್7 ಎಂದಿರುವ ಸ್ಪೀಕರ್ 1 ಮೀಟರ್ ನೀರಿನಲ್ಲಿ 30 ನಿಮಿಷ ತಡೆದುಕೊಳ್ಳಬೇಕು. ಆ ಪರೀಕ್ಷೆ ನಡೆಯುವುದು ಶುದ್ಧ ನೀರಿನಲ್ಲಿ, ಕೆಸರಲ್ಲಿ ಅಲ್ಲ. ಗೋವಾದ ಕಡಲ ನೀರು ತಾಗಿದರೆ ಸಿಹಿನೀರಿನಿಂದ ತೊಳೆದು ಒರೆಸಿ. ಬೇಸಿಗೆಯ ಕೆಂಪು ಧೂಳಿಗೆ ಐಪಿ67 ಮೇಲು, ಅದರ 6 ಧೂಳಿನ ತಡೆಗೆ ಸೇರಿದ ಅಂಕಿ. ಚಾರ್ಜಿಂಗ್ ಕಿಂಡಿ ಒದ್ದೆಯಾಗಿದ್ದಾಗ ಎಂದೂ ಕೇಬಲ್ ಚುಚ್ಚಬೇಡಿ. ಜಿಪ್ ಇರುವ ಪ್ಲಾಸ್ಟಿಕ್ ಚೀಲ, ಅದರಲ್ಲೊಂದು ಸಿಲಿಕಾ ಜೆಲ್ ಪೊಟ್ಟಣ ಇದ್ದರೆ ರೇಡಿಯೊ, ಇಯರ್‌ಫೋನ್‌ಗಳು ಮಳೆಗಾಲವನ್ನು ಸುಖವಾಗಿ ಕಳೆಯುತ್ತವೆ.

ಖಾಲಿಯಾದ ಸೆಲ್‌ಗಳನ್ನು ಬೆಂಕಿಗೆ ಹಾಕಬೇಡಿ, ಸಿಡಿಯುತ್ತವೆ. ಹೂಳಲೂ ಬೇಡಿ. ಮನೆಗೆ ತಂದು ಇ-ಕಸ ಸಂಗ್ರಹಿಸುವವರಿಗೆ ಕೊಡಿ. ಮುಂದಿನ ಚಾರಣ ದೂರವಿದ್ದರೆ ರೇಡಿಯೊದಿಂದ ಸೆಲ್ ತೆಗೆದಿಡಿ, ಸ್ಪೀಕರನ್ನೂ ಪವರ್‌ಬ್ಯಾಂಕನ್ನೂ ಅರ್ಧದಷ್ಟು ಚಾರ್ಜ್ ಇರುವಂತೆ ತಂಪಾದ ಕಪಾಟಿನಲ್ಲಿಟ್ಟು, ಎರಡು ಮೂರು ತಿಂಗಳಿಗೊಮ್ಮೆ ತೆಗೆದು ನೋಡಿ.